ಪುಟ್ಟ ಎಂಜಿನ್ನಿಗೆ ಆಲ್ಕೋ ಸದ್ದು: ಸಾವಿರ ರೂಪಾಯಿಯೊಳಗೆ

ನಾನು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗಾರ್ಡ್ ಆಗಿದ್ದರು. ರಾತ್ರಿ ಗೂಡ್ಸ್ ಗಾಡಿ ಸಿಗ್ನಲ್ ಕಾಯುತ್ತ ನಿಂತರೆ ಆಲ್ಕೋ ಎಂಬ ಅಮೆರಿಕದ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನ್ನಿನ ಗುಡುಗುಡುವಿಗೆ ನಮ್ಮ ಮನೆಯ ಕಿಟಕಿ ಗಾಜು ಸಣ್ಣಗೆ ನಡುಗುತ್ತಿತ್ತು. ಆ ಸದ್ದಿಲ್ಲದ ಡಬ್ಲ್ಯುಡಿಎಂ-2 (ಆಲ್ಕೋಗಳಲ್ಲಿ ಒಂದು ಮಾದರಿ) ನನ್ನ ಪಾಲಿಗೆ ಎಂಜಿನ್ನೇ ಅಲ್ಲ. ಬೆಂಗಳೂರಿನ ಮನೆಯಲ್ಲಿ ಎಚ್‌ಓ ಅಳತೆಯ (ನಿಜದ 87ರಲ್ಲಿ ಒಂದು ಭಾಗದ) ಮಾದರಿ ರೈಲಿನ ಹಳಿ ಹಾಸಿ ಮೊದಲ ಸಲ ಪುಟ್ಟ ಎಂಜಿನ್ ಓಡಿಸಿದಾಗ ಕೇಳಿಸಿದ್ದು ಮೋಟರಿನ ಗುಂಯ್ ಮಾತ್ರ. ಅವತ್ತೇ ಅದಕ್ಕೆ ಆಲ್ಕೋ ಸದ್ದು ತುಂಬುವ ಕೆಲಸಕ್ಕೆ ಕೈ ಹಾಕಿದೆ.

ಇಎಸ್‌ಯು, ಸೌಂಡ್‌ಟ್ರಾಕ್ಸ್‌ನಂಥ ಕಂಪನಿಗಳ ಸೌಂಡ್ ಡಿಕೋಡರ್‌ಗಳು (ಮಾದರಿ ಎಂಜಿನ್ನಿನೊಳಗೆ ಕೂತು ಸದ್ದು ಹೊರಡಿಸುವ ಬೋರ್ಡುಗಳು) ನಿಜಕ್ಕೂ ಚೆನ್ನಾಗಿವೆ. ಆದರೆ ಒಂದಕ್ಕೇ ಹತ್ತು ಸಾವಿರದ ಆಸುಪಾಸು ಬೇಕು, ಅದರ ಮೇಲೆ ಹಳಿಯ ಮೂಲಕ ಎಂಜಿನ್ನಿಗೆ ಡಿಜಿಟಲ್ ಆದೇಶ ಕಳಿಸುವ ಡಿಸಿಸಿ ಕಂಟ್ರೋಲರಿನ ಖರ್ಚು ಬೇರೆ. ನಾನು ಹೇಳುವ ವಿಧಾನ 12 ವೋಲ್ಟಿನ ಸಾದಾ ಡಿಸಿ ಕಂಟ್ರೋಲರ್ ಇಟ್ಟುಕೊಂಡವರಿಗೆ. ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಸಾಮಾನೆಲ್ಲ ಸಿಗುತ್ತದೆ: ಡಿಎಫ್‌ಪ್ಲೇಯರ್ ಮಿನಿ ಎಂಬ ಎಂಪಿ3 ಮಾಡ್ಯೂಲ್, 32 ಜಿಬಿ ಮೀರದ ಮೈಕ್ರೋಎಸ್‌ಡಿ ಕಾರ್ಡ್, 3.3 ವೋಲ್ಟಿನ ಆರ್ಡುಯಿನೋ ಪ್ರೊ ಮಿನಿ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಅದಕ್ಕೆ ಪ್ರೋಗ್ರಾಂ ಹಾಕಲು ಯುಎಸ್‌ಬಿ ಬೋರ್ಡು (ಇದನ್ನು ಗೆಳೆಯರಿಂದ ಎರವಲು ತಂದರೂ ಆದೀತು), 400 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಟಿಪಿ4056 ಚಾರ್ಜಿಂಗ್ ಬೋರ್ಡು, 8 ಓಮ್ ಪುಟ್ಟ ಸ್ಪೀಕರ್, ಬ್ರಿಡ್ಜ್ ರೆಕ್ಟಿಫೈಯರ್ (ಕರೆಂಟ್ ಯಾವ ಕಡೆಯಿಂದ ಬಂದರೂ ಒಂದೇ ದಿಕ್ಕಿಗೆ ಕಳಿಸುವುದು), ಪಿಸಿ817 ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವುದು), ಒಂದು ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಆನ್ ಆಗುವುದು), ಎರಡು 1 ಕೆ ರೆಸಿಸ್ಟರ್. ಡಬ್ಲ್ಯುಡಿಎಂ-2 ನಿಜದಲ್ಲಿ 17 ಮೀಟರ್ ಚಿಲ್ಲರೆ ಉದ್ದ. 87ರಲ್ಲಿ ಒಂದು ಭಾಗ ಎಂದರೆ ಸುಮಾರು 197 ಮಿಲಿಮೀಟರ್. ಉದ್ದದ ಹುಡ್ (ಎಂಜಿನ್ನಿನ ಮೇಲ್ಕವಚ) ಒಳಗೆ ಇಷ್ಟೂ ಹಿಡಿಸುತ್ತದೆ.

ಬ್ಯಾಟರಿ ಯಾಕೆ, ಹಳಿಯಲ್ಲೇ ಕರೆಂಟ್ ಇದೆಯಲ್ಲ ಎಂದು ನೀವು ಕೇಳಬಹುದು. ನಾನೂ ಮೊದಲು ಹಳಿಯಿಂದಲೇ ತೆಗೆದುಕೊಂಡೆ. ಗಾಡಿ ಸ್ಟೇಷನ್ನಿನಲ್ಲಿ ನಿಂತ ಕ್ಷಣ ವೋಲ್ಟೇಜ್ ಸೊನ್ನೆ, ಸದ್ದೂ ಬಂದ್. ನಿಂತ ಡೀಸೆಲ್ ಎಂಜಿನ್ ಮೌನವಾದರೆ ಆ ಸ್ಟೇಷನ್ನಿಗೆ ಜೀವವೇ ಇರುವುದಿಲ್ಲ. ಡಿಎಫ್‌ಪ್ಲೇಯರಿಗೆ 3.2ರಿಂದ 5 ವೋಲ್ಟ್ ಸಾಕು, ಲಿಪೋ ನೇರವಾಗಿ ನಡೆಸುತ್ತದೆ. ನನ್ನ ಎಂಜಿನ್ ಒಂದು ಚಾರ್ಜಿಗೆ ಎರಡು ಗಂಟೆ ದಾಟಿ ಗುಡುಗುತ್ತದೆ. ಇಲ್ಲಿ ಒಂದು ಎಚ್ಚರ. ಟಿಪಿ4056 ಅಂಗಡಿಯಿಂದ ಬಂದ ಹಾಗೇ 1 ಆಂಪ್ ನೂಕುತ್ತದೆ. ಇಷ್ಟು ಚಿಕ್ಕ ಬ್ಯಾಟರಿಗೆ ಅದು ವಿಪರೀತ. ಅದರ ಮೇಲಿರುವ 1.2 ಕೆ ರೆಸಿಸ್ಟರ್ ತೆಗೆದು 3.3 ಕೆ ಹಾಕಿದರೆ ಸುಮಾರು 360 ಮಿಲಿಆಂಪಿಗೆ ಇಳಿಯುತ್ತದೆ. ಅಕ್ಕಿಕಾಳಿಗಿಂತ ಸಣ್ಣ ರೆಸಿಸ್ಟರ್ ಅದು. ನಮ್ಮ ಬೀದಿಯ ಮೊಬೈಲ್ ರಿಪೇರಿ ಹುಡುಗ ಐದು ನಿಮಿಷದಲ್ಲಿ ಬದಲಾಯಿಸಿಕೊಟ್ಟ. ಚಾರ್ಜ್ ಮಾಡುವಾಗ ಪಕ್ಕದಲ್ಲೇ ಇರಿ.

ವೈರಿಂಗಿನಲ್ಲಿ ಎರಡು ವಿಷಯ ಮರೆಯಬಾರದು. ಆರ್ಡುಯಿನೋದಿಂದ ಮಾಡ್ಯೂಲಿನ ಆರ್‌ಎಕ್ಸ್ (ಆದೇಶ ಪಡೆಯುವ) ಕಾಲಿಗೆ ಹೋಗುವ ತಂತಿಯಲ್ಲಿ 1 ಕೆ ರೆಸಿಸ್ಟರ್ ಇರಲಿ, ಇಲ್ಲವಾದರೆ ಸ್ಪೀಕರಿನಲ್ಲಿ ಟಿಕಟಿಕ ಕೇಳುತ್ತಲೇ ಇರುತ್ತದೆ. ಸ್ಪೀಕರಿನ ಎರಡೂ ತಂತಿ ಮಾಡ್ಯೂಲಿನ ಎಸ್‌ಪಿಕೆ 1 ಮತ್ತು 2 ಎಂಬ ಕಾಲುಗಳಿಗೇ ಹೋಗಬೇಕು. ಒಂದನ್ನೂ ಗ್ರೌಂಡಿಗೆ ಮುಟ್ಟಿಸಬೇಡಿ. ನನ್ನ ಮೊದಲ ಮಾಡ್ಯೂಲ್ ಸತ್ತದ್ದು ಹಾಗೆ ಮುಟ್ಟಿಸಿಯೇ.

ಗಾಡಿ ಹೊರಟಿತೋ ನಿಂತಿತೋ ಎಂದು ಆರ್ಡುಯಿನೋಗೆ ತಿಳಿಸುವುದು ಆಪ್ಟೋಕಪ್ಲರ್. ಹಳಿಯ ಕರೆಂಟ್ ಬ್ರಿಡ್ಜ್ ದಾಟಿ, 1 ಕೆ ರೆಸಿಸ್ಟರ್ ದಾಟಿ ಅದರೊಳಗಿನ ಎಲ್‌ಇಡಿ ಉರಿಸುತ್ತದೆ. ಬ್ರಿಡ್ಜ್ ಇರುವುದರಿಂದ ಗಾಡಿ ಹಿಂದಕ್ಕೆ ಓಡಿದರೂ ತೊಂದರೆಯಿಲ್ಲ. ಹಳಿಗೆ ಮೂರು ವೋಲ್ಟ್ ಬರುವಷ್ಟರಲ್ಲಿ ಎಲ್‌ಇಡಿ ಹೊತ್ತುತ್ತದೆ, ಮೋಟರ್ ತಿರುಗಲು ಇನ್ನೂ ಸ್ವಲ್ಪ ಬೇಕು. ಹಾಗಾಗಿ ಮೊದಲು ಎಂಜಿನ್ ಏರುದನಿ ತೆಗೆಯುತ್ತದೆ, ಆಮೇಲೆ ಗಾಡಿ ಅಲುಗುತ್ತದೆ. ನಿಜವಾದ ಆಲ್ಕೋ ಮಾಡುವುದೂ ಅದನ್ನೇ. ಹಳಿ ಕೊಳೆಯಾಗಿದ್ದರೆ ಕರೆಂಟ್ ಆಗಾಗ ತಪ್ಪುತ್ತದೆ. ಎರಡು ಸೆಕೆಂಡ್ ಪೂರ್ತಿ ಕರೆಂಟ್ ಇಲ್ಲದಿದ್ದರೆ ಮಾತ್ರ ‘ನಿಂತಿತು’ ಎಂದು ತಿಳಿಯುವಂತೆ ಪ್ರೋಗ್ರಾಮಿನಲ್ಲಿ ಬರೆಯಿರಿ.

ಇನ್ನು ರೆಕಾರ್ಡಿಂಗ್. ನನ್ನನ್ನು ಕೇಳಿದರೆ ಅರ್ಧ ಶ್ರಮ ಇಲ್ಲಿಗೇ ಹೋಗಬೇಕು. ಮಾಡ್ಯೂಲ್ ನೂರಿನ್ನೂರು ರೂಪಾಯಿಯದ್ದು, ಅದು ಕೊಟ್ಟದ್ದನ್ನು ನುಡಿಸುತ್ತದೆ. ಕೊಡುವುದು ಏನು ಎನ್ನುವುದು ನಿಮ್ಮ ಕೈಲಿದೆ. ನನ್ನ ಹತ್ತಿರ ಅರಸೀಕೆರೆ ಪ್ಲಾಟ್‌ಫಾರಂನಲ್ಲಿ ಫೋನಿನಲ್ಲಿ ಹಿಡಿದ ನಾಲ್ಕು ನಿಮಿಷದ ಆಲ್ಕೋ ಇತ್ತು. ಅದರಲ್ಲಿ ಅನೌನ್ಸ್‌ಮೆಂಟು, ಟೀ ಮಾರುವವನ ಕೂಗು ಎಲ್ಲ ಸೇರಿತ್ತು. ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ಕತ್ತರಿಸಿ ಕತ್ತರಿಸಿ ಶುದ್ಧವಾಗಿ ಉಳಿದದ್ದು 22 ಸೆಕೆಂಡ್. ಅದನ್ನೇ ಜೋಡಿಸುತ್ತ ಹತ್ತು ನಿಮಿಷಕ್ಕೆ ಬೆಳೆಸಿದೆ. ಮಾಡ್ಯೂಲ್ ಒಂದು ಫೈಲ್ ಮುಗಿಸಿ ಮತ್ತೆ ಶುರುಮಾಡುವಾಗ ನಡುವೆ ಚೂರು ಮೌನ ಬೀಳುತ್ತದೆ; ಫೈಲ್ ಉದ್ದವಿದ್ದಷ್ಟೂ ಅದು ಅಪರೂಪ.

ಅದಕ್ಕೂ ಮುಖ್ಯವಾದ ಕೆಲಸ ಒಂದಿದೆ. ಆಲ್ಕೋ 16 ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್. ನಿಂತಲ್ಲಿ ನಿಮಿಷಕ್ಕೆ 400 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 53 ಸಿಡಿತ. ಹೆಬ್ಬೆರಳಗಲದ ಸ್ಪೀಕರ್ ಅಷ್ಟು ಕೆಳಗಿನ ದನಿಯನ್ನು ಹೊರಡಿಸಲಾರದು. ಸುಮ್ಮನೆ ಒದ್ದಾಡಿ ಗರಗರ ಎನ್ನುತ್ತದೆ. ಆಡಾಸಿಟಿಯ ಹೈಪಾಸ್ ಫಿಲ್ಟರಿನಲ್ಲಿ 250 ಹರ್ಟ್ಸಿನ ಕೆಳಗಿನದನ್ನು ಇಳಿಸಿಬಿಡಿ. ಕೇಳಿದರೆ ಆಶ್ಚರ್ಯವಾಗುತ್ತದೆ: ಮೇಲಿನ ಸ್ವರಗಳು ಉಳಿದಿದ್ದರೆ ಸಾಕು, ಕೆಳಗಿನ ಗುಡುಗನ್ನು ಕಿವಿಯೇ ತುಂಬಿಕೊಳ್ಳುತ್ತದೆ. ವಾಲ್ಯೂಮ್ 30ರವರೆಗೆ ಏರಿಸಬಹುದು, ನನಗೆ 18 ಸಾಕಾಗಿದೆ.

ಕಾರ್ಡನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ ‘ಎಂಪಿ3’ ಎಂಬ ಫೋಲ್ಡರಿನಲ್ಲಿ (ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು) ಎರಡು ಫೈಲ್ ಇಡಿ. 0001 ನಿಂತಾಗಿನದು, ಎಂಜಿನ್ ಇಳಿದನಿಗೆ ಬರುವುದರಿಂದ ಆರಂಭ. 0002 ಓಡುವಾಗಿನದು, ನಾಚ್ (ಥ್ರಾಟಲಿನ ಮೆಟ್ಟಿಲು) ಏರುವುದರಿಂದ ಆರಂಭ. ಹೀಗೆ ಮಾಡಿದರೆ ಬದಲಾಗುವಾಗ ಹೊಲಿಗೆ ಕಾಣುವುದಿಲ್ಲ.

ಸ್ಪೀಕರನ್ನು ಬರಿದಾಗಿ ಅಂಟಿಸಿದರೆ ಸೊಳ್ಳೆ ದನಿ ಬರುತ್ತದೆ, ಏಕೆಂದರೆ ಅದರ ಬೆನ್ನಿನ ಗಾಳಿ ಎದೆಯ ಗಾಳಿಯನ್ನು ಹೊಡೆದುಹಾಕುತ್ತದೆ. ಬೆನ್ನಿಗೆ ಗಾಳಿಯಾಡದ ಡಬ್ಬಿ ಬೇಕೇಬೇಕು. ನಾನು 1 ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಲ್ಲಿ 12 ಮಿಲಿಮೀಟರ್ ಆಳದ ಡಬ್ಬಿ ಮಾಡಿ, ತಂತಿ ಹೊರಬರುವ ತೂತನ್ನೂ ಅಂಟಿನಿಂದ ಮುಚ್ಚಿದೆ. ಡಬ್ಬಿ ಮುಚ್ಚಿದ ಸಂಜೆ ಒಳಗಿನಿಂದ ಅಮ್ಮ ಬಂದು ಬಾಗಿಲಲ್ಲಿ ನಿಂತರು. “ಅಪ್ಪ ನೈಟ್ ಡ್ಯೂಟಿ ಮುಗಿಸಿ ಬರೋ ಹೊತ್ತಿನ ಸದ್ದು ಕಣೋ ಇದು” ಎಂದರು.

ಕೊನೆಗೆ ಹಾರ್ನ್. ಎಂಜಿನ್ನಿನ ಹೊಟ್ಟೆಯಡಿ ರೀಡ್ ಸ್ವಿಚ್, ಹಳಿಯ ನಡುವೆ ಸ್ಲೀಪರಿನಡಿ ಪುಟ್ಟ ಆಯಸ್ಕಾಂತ. ಹಾರ್ನ್ ಫೈಲನ್ನು ‘ಅಡ್ವರ್ಟ್’ ಫೋಲ್ಡರಿನಲ್ಲಿ ಇಟ್ಟರೆ ಮಾಡ್ಯೂಲ್ ಓಡುತ್ತಿರುವ ಸದ್ದನ್ನು ತಡೆದು ಹಾರ್ನ್ ನುಡಿಸಿ, ಬಿಟ್ಟಲ್ಲಿಂದಲೇ ಮುಂದುವರಿಸುತ್ತದೆ. ಎರಡನ್ನೂ ಒಟ್ಟಿಗೆ ನುಡಿಸುವ ಶಕ್ತಿ ಅದಕ್ಕಿಲ್ಲ. ಹಾರ್ನ್ ಫೈಲಿನ ಹಿನ್ನೆಲೆಗೆ ಎಂಜಿನ್ ಸದ್ದನ್ನು ಮೊದಲೇ ಬೆರೆಸಿಡಿ. ಆಯಸ್ಕಾಂತ ಎಲ್ಲಿಡಬೇಕು? ದೊಡ್ಡ ಹಳಿಯಲ್ಲಿ ಲೆವೆಲ್ ಕ್ರಾಸಿಂಗಿಗೆ ಸಾಮಾನ್ಯವಾಗಿ 600 ಮೀಟರ್ ಮೊದಲು ಹಾರ್ನ್ ಹಾಕಲು ಹೇಳುವ ಹಳದಿ ‘ಡಬ್ಲ್ಯು/ಎಲ್’ ಬೋರ್ಡು ಇರುತ್ತದೆ. ನಮ್ಮ ಅಳತೆಗೆ ಅದು ಏಳು ಮೀಟರ್ ಹತ್ತಿರ, ನನ್ನ ಕೋಣೆಗಿಂತ ಉದ್ದ. ನಾನು ಗೇಟಿನಿಂದ ಒಂದೂವರೆ ಮೀಟರ್ ದೂರದಲ್ಲಿ ಇಟ್ಟಿದ್ದೇನೆ, ಪಕ್ಕದಲ್ಲಿ ಬೆಂಕಿಕಡ್ಡಿಯ ಕಂಬದ ಮೇಲೆ ಉಗುರಗಲದ ಹಳದಿ ಬೋರ್ಡು.