ಅಂಟು ಬಿಡ್ಸಕ್ಕೆ ಅಂಟು: ನ್ಯಾನೋಟ್ಯೂಬ್ ಜೊತೆ ನನ್ನ ಅನುಭವ

"ಅಂಟ್ಕೊಂಡಿರೋದನ್ನ ಬಿಡ್ಸಕ್ಕೆ ಅಂಟು ಹಾಕ್ತಾನಂತೆ" ಅಂತ ನಮ್ಮ ದಾವಣಗೆರೆ ಲ್ಯಾಬಲ್ಲಿ ಒಂದು ವರ್ಷ ನಕ್ಕಿದ್ದಾರೆ. ನಾನು ಬಿಡ್ಸಕ್ಕೆ ಹೊರಟಿದ್ದು ಕಾರ್ಬನ್ ನ್ಯಾನೋಟ್ಯೂಬ್, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳು, ಒಂದಕ್ಕೊಂದು ಅಂಟಿ ಗಂಟು ಕಟ್ತವೆ. ಈಗ ಅಂಟು ಹಾಕಿ ಅವನ್ನ ನೀರಲ್ಲಿ ಬಿಡಿಸಿಟ್ಟ ಬಾಟ್ಲಿ ಮೂರು ತಿಂಗಳಿಂದ ಕಿಟಕಿ ಮೇಲೆ ಕೂತಿದೆ, ತಳದಲ್ಲಿ ಚೂರೂ ಗಸಿ ಇಲ್ಲ, ಅದಕ್ಕೇ ಬರೀತಿದೀನಿ.

ನನಗೆ ಬೇಕಿದ್ದಿದ್ದು ಕಾಟನ್ ಬಟ್ಟೆ ಮೇಲೆ ಕರೆಂಟ್ ಹರಿಯೋ ಕೋಟಿಂಗ್. ಮಲ್ಟಿವಾಲ್ (ಒಂದರೊಳಗೊಂದು ಹಲವು ಪದರ ಇರೋ) ಟ್ಯೂಬ್ 10 ಗ್ರಾಂ ತರಿಸ್ದೆ, ಕೊರಿಯರ್ ಸೇರಿ ನಾಲ್ಕು ಸಾವಿರದ ಹತ್ರ, ಸ್ವಂತ ಜೇಬಿಂದ. ಮೊದ್ಲು ನೀರಿಗೆ ಎಸ್‌ಡಿಎಸ್ ಅನ್ನೋ ಸೋಪಿನಂಥ ಪುಡಿ ಹಾಕಿ ಬಾತ್ ಸೋನಿಕೇಟರಲ್ಲಿ (ಶಬ್ದದ ಅಲೆಯಿಂದ ಅಲುಗಾಡಿಸೋ ತೊಟ್ಟಿ) ಎರಡು ಗಂಟೆ ಇಟ್ಟೆ, ಸಂಜೆ ಕಪ್ಪಗೆ ಚೆನ್ನಾಗೇ ಇತ್ತು, ಬೆಳಿಗ್ಗೆ ನೋಡಿದ್ರೆ ಮೇಲೆ ತಿಳಿನೀರು, ಕೆಳಗೆ ಕಾಫಿ ಚರಟ. ಸರಿ ಅಂತ ಅದೇ ಅಲೆನ ಇನ್ನೂ ಜೋರಾಗಿ ನೇರ ಒಳಗೇ ಕೊಡೋ ಕಡ್ಡಿ, ಪ್ರೋಬ್, ಇಳಿಸಿ ಫುಲ್ ಪವರಲ್ಲಿ ಒಂದೂವರೆ ಗಂಟೆ ಬಿಟ್ಟೆ, ಇಂಕ್ ತರ ಆಯ್ತು, ಕುಣಿದಾಡ್ದೆ, ಬಟ್ಟೆಗೆ ಹಚ್ಚಿ ಮಲ್ಟಿಮೀಟರ್ ಇಟ್ರೆ ಮೆಗಾ ಓಮ್, ಕರೆಂಟ್ ಹರಿಯೋದೇ ಇಲ್ಲ ಅನ್ನಬಹುದು! ಗಂಟು ಬಿಡ್ಸೋಕೆ ಹೋಗಿ ಟ್ಯೂಬನ್ನೇ ತುಂಡು ಮಾಡಿದ್ದೆ. ಪ್ರೋಬಿನ ಟೈಟಾನಿಯಂ ತುದಿ ಸವೆದು ಗುಳಿ ಬಿದ್ದಿತ್ತು, ಹೊಸದಕ್ಕೆ ಹದಿನೆಂಟು ಸಾವಿರ ಅಂದ್ರು, ಆ ತಿಂಗಳು ಬೆಣ್ಣೆ ದೋಸೆ ಕಡೆ ತಲೆ ಹಾಕಿಲ್ಲ.

ಟ್ಯೂಬುಗಳು ಎಷ್ಟು ಗಟ್ಟಿ ಅಂಟ್ಕೊಳ್ತವೆ ಅಂತ ಸಿಂಗಲ್‌ವಾಲಿಗೆ (ಒಂದೇ ಪದರದ ಟ್ಯೂಬಿಗೆ) ಹೇಳೋ ಲೆಕ್ಕ ನೋಡಿ, ಅಕ್ಕಪಕ್ಕದ ಎರಡನ್ನ ಬಿಡ್ಸಕ್ಕೆ ಬೇಕಾದ ಶಕ್ತಿ ನ್ಯಾನೋಮೀಟರಿಗೆ ಅರ್ಧ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಒಂದು ಸಣ್ಣ ಅಳತೆ) ಹಿಡಿದ್ರೂ ಒಂದು ಮೈಕ್ರಾನ್ ಉದ್ದಕ್ಕೆ 500 ಆಯ್ತು, ರೂಮಿನ ಬಿಸಿ ಕೊಡೋದು ಬರೀ 0.025. ಹೊಡೆದು ಬಿಡಿಸಿದ್ರೂ 0.34 ನ್ಯಾನೋಮೀಟರ್ ಹತ್ರಕ್ಕೆ ಬಂದ್ರೆ ಮತ್ತೆ ತಬ್ಬಿಕೊಳ್ತವೆ. ಆದ್ರೆ ದೂರ ಸ್ವಲ್ಪ ಜಾಸ್ತಿಯಾದ್ರೂ ಆ ಎಳೆತ ಕುಸಿದು ಬೀಳುತ್ತೆ, ಅಷ್ಟು ಜಾಗ ಹಿಡ್ಕೊಳ್ಳೋದು ಏನಾದ್ರೂ ನಡುವೆ ಕೂತ್ರೆ ಸಾಕು.

ಗಮ್ ಅರೇಬಿಕ್, ಅಂದ್ರೆ ನಮ್ಮ ಜಾಲಿ ಜಾತಿ ಮರಗಳ ಅಂಟು, ಈ ಕೆಲಸ ಮಾಡುತ್ತೆ ಅಂತ 2002ರಲ್ಲೇ ಪೇಪರ್ ಬಂದಿದೆ. ಲ್ಯಾಬ್ ಗ್ರೇಡಿಗೆ ದುಡ್ಡೆಲ್ಲಿ, ಹಿರಿಯೂರು ಕಡೆ ನೆಂಟರ ಹೊಲದ ಬದುವಿನ ಜಾಲಿ ಮರದಿಂದ ಒಂದು ಹಿಡಿ ಅಂಟು ಕಿತ್ಕೊಂಡು ಬಂದೆ. ತೊಗಟೆ ಚೂರು, ಇರುವೆ ಎಲ್ಲ ಸೇರಿತ್ತು, ರಾತ್ರಿ ನೆನೆಹಾಕಿ ಪಂಚೆ ಬಟ್ಟೇಲಿ ಸೋಸ್ದೆ. ಈ ಸಲ ಪ್ರೋಬ್ ಪವರ್ ಮೂರನೇ ಒಂದು ಭಾಗ, ಐದು ಸೆಕೆಂಡ್ ಆನ್ ಹತ್ತು ಸೆಕೆಂಡ್ ಆಫ್, ಬೀಕರ್ ಐಸಲ್ಲಿ. ಏಪ್ರಿಲ್ ಬಿಸಿಲಿಗೆ ಐಸ್ ಇಪ್ಪತ್ತು ನಿಮಿಷ ನಿಲ್ಲಲ್ಲ, ಜ್ಯೂಸ್ ಅಂಗಡಿಯವನು ಕೊನೆಗೆ "ಏನ್ಸಾರ್, ಮೀನ್ ವ್ಯಾಪಾರನಾ" ಅಂದ. ಅಂಟು ಯಾವ ಹಂತದಲ್ಲಿ, ಎಷ್ಟು ಸಲ ಹಾಕಬೇಕು ಅನ್ನೋದು ಮಾತ್ರ ನನ್ನ ಹತ್ರನೇ ಇರಲಿ.

ನಡುವೆ ಅಂಟುವಾಳ ಕಾಯಿ ನೊರೇನೂ ನೋಡ್ದೆ. ಮೂರು ದಿನ ಸೂಪರ್, ನಾಲ್ಕನೇ ದಿನ ನಾತ, ಚೆಲ್ದೆ.

ಜಾಲಿ ಅಂಟಲ್ಲೂ ಒಂದು ತಾಪತ್ರಯ, ಅದರಲ್ಲಿ ಕರೆಂಟ್ ಹರಿಯಲ್ಲ. ಆರು ಸಲ ಅದ್ದಿ ಒಣಗಿಸಿದ್ರೂ ಮೀಟರ್ ನೂರಾರು ಕಿಲೋ ಓಮ್ ಬಿಟ್ಟು ಇಳೀಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಜಾಲಾಡಿದ ಮೇಲೆ ಸೆಂಟಿಮೀಟರಿಗೆ ನಾಲ್ಕೈದು ಕಿಲೋಗೆ ಬಂತು, ಕಪ್ಪು ಜಾಸ್ತಿ ಹೋಗ್ಲಿಲ್ಲ. ಅವತ್ತು ನಕ್ಕಿದ್ದವರಲ್ಲಿ ಒಬ್ರು ಮೊನ್ನೆ ಮೆಲ್ಲಗೆ ಬಂದು "ಜಾಲಿ ಅಂಟು ಕಾಲು ಕೆಜಿ ಸಿಗುತ್ತೇನ್ರಿ" ಅಂತ ಕೇಳಿದ್ರು.