ಸ್ಟೆಮ್ ಸೆಲ್ ಕಸಿ ಆದವರು ಊರಿಗೆ ಮರಳಿದಾಗ

ಮೈಲೋಫೈಬ್ರೋಸಿಸ್ ಅಪರೂಪದ ರಕ್ತ ಕ್ಯಾನ್ಸರ್. ಮೂಳೆಯೊಳಗಿನ ಮಜ್ಜೆ ನಾರುಗಟ್ಟಿ ರಕ್ತ ತಯಾರಾಗುವುದೇ ಕುಂಠಿತವಾಗುತ್ತದೆ, ಗುಲ್ಮ ಊದಿಕೊಳ್ಳುತ್ತದೆ. ಮಾತ್ರೆಯಿಂದ ತೊಂದರೆ ತಗ್ಗೀತು; ಪೂರ್ತಿ ವಾಸಿಯಾಗುವ ಅವಕಾಶವಿರುವುದು ದಾನಿಯ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕೋಶ) ಕಸಿಯಲ್ಲಿ ಮಾತ್ರ. ಕಸಿ ಬೆಂಗಳೂರಲ್ಲಿ ಆಗಿ ರೋಗಿ ದಾವಣಗೆರೆ ಸೀಮೆಗೆ ಮರಳಿದ ಮೇಲೆ ಜೋಪಾನ ಮಾಡಬೇಕಾದವರು ಮನೆಯವರು.

ಮೊದಲು ಧೂಳು. ಮೆಕ್ಕೆಜೋಳದ ಚೀಲ, ಸೆಪ್ಪೆ, ಹಳೇ ಬಣವೆಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಇರುತ್ತದೆ. ನಮಗೇನೂ ಮಾಡದ ಅದು, ರೋಗ ತಡೆಯುವ ಶಕ್ತಿ ಕುಗ್ಗಿರುವ ಇವರ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಚೀಲಗಳನ್ನು ಮೊದಲೇ ಸಾಗಿಸಿ, ಗೋಡೆ ಕೆಲಸ ಮುಗಿಸಿಬಿಡಿ. ಒಕ್ಕಣೆ ನಡೆಯುವ ಕಣದ ಹತ್ತಿರ ಅವರು ಸುಳಿಯಲೇಬಾರದು. ಕೋಣೆಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಊಟ ಬಿಸಿಯಾಗಿರಲಿ, ನೀರು ಕುದಿಸಿ ಆರಿಸಿದ್ದು. ಮನೆಯ ಕಾವಲಿಯಿಂದ ಇಳಿದ ದೋಸೆ ಆದೀತು, ಹಸಿ ಕಾಯಿ ಚಟ್ನಿ ಬೇಡ. ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಿದ ಗಾಡಿ ಮಂಡಕ್ಕಿಯಂತೂ ಬೇಡವೇ ಬೇಡ. ದಾನಿಯ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆ ಸೈಕ್ಲೋಸ್ಪೋರಿನ್. ಚಕ್ಕೋತ ರಕ್ತದಲ್ಲಿ ಅದರ ಮಟ್ಟವನ್ನು ಏರಿಸಬಲ್ಲದು, ಚಕ್ಕೋತವನ್ನೂ ಬಿಡಿ.

ಬಹಳ ಮಂದಿ ಎಡವುವುದು ಈ ಸೈಕ್ಲೋಸ್ಪೋರಿನ್ ಮಟ್ಟದ ಪರೀಕ್ಷೆಯಲ್ಲೇ. ಬೆಳಗಿನ ಬಸ್ಸು ಹತ್ತುವ ಮುಂಚೆ ಅಭ್ಯಾಸಬಲದಿಂದ ಮಾತ್ರೆ ನುಂಗಿಬಿಡುತ್ತಾರೆ. ಆಗ ಮಟ್ಟ ಸುಳ್ಳೇ ಹೆಚ್ಚು ತೋರಿಸಿ ಡೋಸ್ ಇಳಿಯುತ್ತದೆ. ದಾನಿಯ ಕೋಶಗಳು ರೋಗಿಯ ಮೈಮೇಲೇ ತಿರುಗಿಬೀಳುತ್ತವೆ. ಅಂಗೈ, ಅಂಗಾಲಲ್ಲಿ ಕೆಂಪು ಗಂಧೆ, ನೀರುಭೇದಿ, ಕಣ್ಣು ಹಳದಿ: ಇವು ಅದರ ಗುರುತು, ಕಂಡ ದಿನವೇ ಫೋನ್ ಮಾಡಿ. ಪರೀಕ್ಷೆಯ ದಿನ ಮಾತ್ರೆಯನ್ನು ಜೇಬಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಲಿ.

ಇನ್ನು ಜ್ವರ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತೆಂದರೆ ಬೆಳಗಾಗಲೆಂದು ಕಾಯಬೇಡಿ. ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮರೆಯಾಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಬೆಂಗಳೂರು ಸುಮಾರು 260 ಕಿ.ಮೀ. ದೂರ, ಊರಿನ ದೊಡ್ಡ ಆಸ್ಪತ್ರೆಗೇ ಓಡಿ. ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಶುರುವಾಗಬೇಕು. ರಕ್ತಸ್ರಾವ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಿದ್ದಾಗ ಸೊಂಟಕ್ಕೆ ಚುಚ್ಚಿಸಬೇಡಿ, ಸ್ನಾಯುವಿನೊಳಗೇ ರಕ್ತ ಸೋರಿ ಗಂಟು ಕಟ್ಟೀತು.

ಅಲ್ಲಿನ ವೈದ್ಯರಿಗೆ ಕೊಡಲು ಕಸಿ ತಂಡದಿಂದ ಒಂದು ಪತ್ರ ಬರೆಸಿಟ್ಟುಕೊಳ್ಳಿ: ಕಸಿಯ ದಿನಾಂಕ, ಮಾತ್ರೆಗಳು, ಯಾವ ಆಂಟಿಬಯಾಟಿಕ್, ಈಗಿನ ರಕ್ತದ ಗುಂಪು. ಗುಂಪು ದಾನಿಯದ್ದಕ್ಕೆ ಬದಲಾಗುತ್ತಿರಬಹುದು. ರೋಗಿಗೆ ರಕ್ತ ಏರಿಸುವುದಾದರೆ, ಅದರಲ್ಲಿನ ಬಿಳಿ ಕೋಶಗಳು ರೋಗಿಯ ಮೈಮೇಲೆ ತಿರುಗಿಬೀಳದಂತೆ, ವಿಕಿರಣ ಹಾಯಿಸಿದ್ದೇ ಆಗಬೇಕು ಎಂದೂ ಪತ್ರದಲ್ಲಿರಲಿ. ಪ್ರೀತಿಯಿಂದ ತಮ್ಮನೇ ತೋಳು ಚಾಚಿದರೂ ಹಾಗೇ ಏರಿಸಬಾರದು, ಒಡಹುಟ್ಟಿದವರ ರಕ್ತದಲ್ಲಿ ಅಪಾಯ ಇನ್ನೂ ಹೆಚ್ಚು.