ಸಿ.ಎ. ಓದಿನ ಆರು ತಿಂಗಳು: ತೂಕ ಏರದಂತೆ ನೋಡಿಕೊಳ್ಳುವುದು ಹೇಗೆ?

ಚಾರ್ಟರ್ಡ್ ಅಕೌಂಟೆನ್ಸಿ ಓದುವವರ ಬದುಕಿನಲ್ಲಿ 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಪದ್ಧತಿ ಒಂದು ದೊಡ್ಡ ಬದಲಾವಣೆ ತಂದಿದೆ. ಮೊದಲು ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್, ಅಂದರೆ ಲೆಕ್ಕಪರಿಶೋಧಕರ ಬಳಿ ಪಡೆಯುವ ಪ್ರಾಯೋಗಿಕ ತರಬೇತಿ, ಈಗ ಎರಡು ವರ್ಷಕ್ಕಿಳಿದಿದೆ. ಅದು ಮುಗಿದ ಮೇಲೆ ಆರು ತಿಂಗಳನ್ನು ಓದಿಗೆಂದೇ ಬಿಟ್ಟು, ಆ ಬಳಿಕ ಫೈನಲ್ ಪರೀಕ್ಷೆಗೆ ಕೂರಬೇಕು. ಓದಿನ ದೃಷ್ಟಿಯಿಂದ ಇದು ಒಳ್ಳೆಯದೇ. ದೇಹದ ದೃಷ್ಟಿಯಿಂದ ನೋಡಿದರೆ, ನಿನ್ನೆಯವರೆಗೆ ಬಸ್ಸು ಹತ್ತಿ ಇಳಿದು, ಕಕ್ಷಿದಾರರ ಕಚೇರಿಯ ಮೆಟ್ಟಿಲು ಹತ್ತಿ, ದಾಸ್ತಾನು ಎಣಿಸಲು ಗೋದಾಮಿನ ತುಂಬ ಓಡಾಡುತ್ತಿದ್ದ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಹುಡುಗಿಯರು ಒಂದೇ ದಿನದಲ್ಲಿ ಹತ್ತು ಹನ್ನೆರಡು ಗಂಟೆ ಕುರ್ಚಿಗೆ ಅಂಟಿಕೊಳ್ಳುತ್ತಾರೆ. ಓಡಾಟ ನಿಂತರೂ ಊಟದ ಅಳತೆ ಹಾಗೆಯೇ ಉಳಿಯುತ್ತದೆ, ಕಾಫಿ ತಿಂಡಿ ಮಾತ್ರ ಹೆಚ್ಚುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಆರು ತಿಂಗಳಲ್ಲಿ ತೂಕ ಇಳಿಸುವ ಶಪಥ ಬೇಡ. ಊಟ ಬಿಟ್ಟು ಓದಲು ಕೂತರೆ ತಲೆಯೂ ಓಡುವುದಿಲ್ಲ, ಎರಡನೆಯ ವಾರಕ್ಕೆ ಶಪಥವೂ ಮುರಿಯುತ್ತದೆ. ಇರುವ ತೂಕ ಏರದಂತೆ ಕಾಯ್ದುಕೊಳ್ಳುವುದೇ ಈ ಅವಧಿಯ ಗುರಿಯಾಗಲಿ. ಅದಕ್ಕೆ ಬೇಕಾದ ಏರ್ಪಾಡನ್ನು ಓದು ಆರಂಭವಾಗುವ ಮೊದಲ ವಾರದಲ್ಲೇ, ವೇಳಾಪಟ್ಟಿ ಬರೆಯುವಾಗಲೇ ಮಾಡಿಕೊಳ್ಳಬೇಕು.

ಮೊದಲು ಅಳೆಯಿರಿ, ಬರೆಯಿರಿ

ಒಂದು ಹೊಲಿಗೆ ಟೇಪು ತನ್ನಿ. ಬೆಳಿಗ್ಗೆ ಏನನ್ನೂ ತಿನ್ನುವ ಮೊದಲು ನೇರವಾಗಿ ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಬರುವ ಅಳತೆಯನ್ನು ಬರೆದುಕೊಳ್ಳಿ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿ.ಎಂ.ಐ. ನಮ್ಮವರಲ್ಲಿ 23 ಮುಟ್ಟಿದರೇ ಅಧಿಕ ತೂಕ ಎಂದು ಎಣಿಸುತ್ತಾರೆ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿನಲ್ಲಿ ಅಳೆದರೆ ಸಾಕು. ದಿನದಿನವೂ ತೂಕ ನೋಡಿದರೆ ನೀರಿನ ಏರಿಳಿತವನ್ನೇ ಕೊಬ್ಬೆಂದು ತಿಳಿದು ಕಂಗಾಲಾಗುವಿರಿ.

ಜೊತೆಗೆ ಮೂರು ದಿನ, ಯಾವುದನ್ನೂ ಬದಲಿಸದೆ, ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬರೆದಿಡಿ. ವಿಜಯನಗರದ ಪಿ.ಜಿ.ಯೊಂದರಲ್ಲಿದ್ದುಕೊಂಡು ಓದುತ್ತಿದ್ದ ನನ್ನ ಅಕ್ಕನ ಮಗಳಿಗೆ ಹೀಗೆ ಬರೆಯಲು ಹೇಳಿದ್ದೆ. ಲೆಕ್ಕದ ವಿದ್ಯಾರ್ಥಿಯಲ್ಲವೇ, ಅವಳು ತಾನಾಗಿಯೇ ಮೂರು ಕಾಲಂ ಗೆರೆ ಎಳೆದಿದ್ದಳು: ಹೊತ್ತು, ತಿಂದದ್ದು, ಕಾರಣ. ಎರಡನೆಯ ದಿನದ ಕೊನೆಯ ಸಾಲು ಹೀಗಿತ್ತು: ‘ರಾತ್ರಿ 11.20, ಕೋಡುಬಳೆ 3, ಕನ್ಸಾಲಿಡೇಶನ್ ಲೆಕ್ಕ ಟ್ಯಾಲಿ ಆಗಲಿಲ್ಲ.’ ಆ ಮೂರು ದಿನಗಳ ಪಟ್ಟಿಯಲ್ಲಿ ಊಟದ ಹೊತ್ತಿನಾಚೆಗೆ ತಿಂದ ಹದಿನಾಲ್ಕು ಸಲಗಳಲ್ಲಿ ‘ಹಸಿವು’ ಎಂದು ಬರೆದಿದ್ದದ್ದು ನಾಲ್ಕು ಕಡೆ ಮಾತ್ರ. ಉಳಿದದ್ದೆಲ್ಲ ಬೇಸರ, ನಿದ್ದೆ, ಟ್ಯಾಲಿ ಆಗದ ಲೆಕ್ಕ. ಮೂರನೆಯ ಕಾಲಂ ಅನ್ನು ನೀವೂ ಬಿಡಬೇಡಿ. ಎಲ್ಲಿ ಕೈ ಹಾಕಬೇಕೆಂಬುದನ್ನು ಅದೇ ತೋರಿಸುತ್ತದೆ.

ಲೋಟದೊಳಗಿನ ಸಕ್ಕರೆ

ಎರಡನೆಯ ಹೆಜ್ಜೆ ಕಾಫಿ, ಚಹಾ. ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ, ಅಂದರೆ 20 ಕಿಲೋಕ್ಯಾಲರಿ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟವಾದರೆ 50 ಗ್ರಾಂ ಸಕ್ಕರೆ, 200 ಕಿಲೋಕ್ಯಾಲರಿ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿ ಲೋಟದಲ್ಲೇ ಅದರ ಇಮ್ಮಡಿ ಹೋಗಿಬಿಟ್ಟಿತು. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ದಿನವೂ ಈ 200 ಸೇರುತ್ತ ಹೋದರೆ 180 ದಿನಕ್ಕೆ 36,000 ಆಗುತ್ತದೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಎಂಬ ಒರಟು ಲೆಕ್ಕ ಹಿಡಿದರೆ ಇದು ನಾಲ್ಕೂವರೆ ಕಿಲೋ ದಾಟುತ್ತದೆ. ತೂಕ ಏರಿದಂತೆ ದೇಹದ ಖರ್ಚೂ ಏರುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಿಮೆಯಿರುತ್ತದೆ, ಆದರೂ ತಳ್ಳಿಹಾಕುವಷ್ಟು ಕಡಿಮೆಯಲ್ಲ.

ಕಾಫಿಯನ್ನೇ ಬಿಡಿ ಎಂದು ನಾನು ಹೇಳಲಾರೆ. ಓದುವವರಿಗೆ ಅದು ಕೊಡುವ ಹುರುಪು ನನಗೆ ಗೊತ್ತು. ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸುತ್ತ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ದಿನಕ್ಕೆ ಮೂರು ಲೋಟಕ್ಕೆ ನಿಲ್ಲಿಸಿ, ಉಳಿದ ಎರಡರ ಜಾಗಕ್ಕೆ ನೀರುಮಜ್ಜಿಗೆ ಅಥವಾ ಸಕ್ಕರೆಯಿಲ್ಲದ ನಿಂಬೆ ನೀರು ಬರಲಿ. ಬಾಟಲಿಯ ತಂಪು ಪಾನೀಯಗಳನ್ನು ಕೋಣೆಯಲ್ಲಿ ಇಟ್ಟುಕೊಳ್ಳಲೇಬೇಡಿ.

ಓದುವ ಮೇಜಿನ ಮೇಲೆ ತಿಂಡಿ ಬೇಡ

ಗಂಟೆಗಟ್ಟಲೆ ತಲೆ ಕೆಡಿಸಿಕೊಂಡು ಓದಿದಾಗ ಹಸಿವಾದಂತೆ ಅನಿಸುವುದು ಎಲ್ಲರ ಅನುಭವ. ಮಿದುಳು ವಿಶ್ರಾಂತಿಯ ವೇಳೆಯಲ್ಲೂ ದೇಹದ ಶಕ್ತಿಯ ಸುಮಾರು ಐದನೆಯ ಒಂದು ಭಾಗವನ್ನು ಬಳಸುತ್ತದೆ ಎಂಬುದು ನಿಜ. ಆದರೆ ಓದುವುದರಿಂದ ಆ ಖರ್ಚು ಹೇಳಿಕೊಳ್ಳುವಷ್ಟು ಏರುವುದಿಲ್ಲ. ಕೆನಡಾದ ಲಾವಾಲ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿನಿಯರ ಒಂದು ಸಣ್ಣ ಗುಂಪಿನ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಕ್ಕಾಲು ಗಂಟೆ ಬೌದ್ಧಿಕ ಕೆಲಸ ಮಾಡಿದವರು ಸುಮ್ಮನೆ ಕುಳಿತಿದ್ದಾಗ ತಿಂದದ್ದಕ್ಕಿಂತ 200ಕ್ಕೂ ಹೆಚ್ಚು ಕಿಲೋಕ್ಯಾಲರಿ ಅಧಿಕವಾಗಿ ತಿಂದರು; ಆ ಕೆಲಸಕ್ಕೆ ತಗುಲಿದ ಹೆಚ್ಚುವರಿ ಶಕ್ತಿ ಲೆಕ್ಕಕ್ಕೇ ಬಾರದಷ್ಟಿತ್ತು. ಆದ್ದರಿಂದ ‘ಇಷ್ಟು ಓದಿದ್ದೇನೆ, ತಿನ್ನಬೇಕು’ ಎನ್ನುವ ಲೆಕ್ಕವನ್ನು ನಂಬಬೇಡಿ.

ಊರಿನಿಂದ ಅಮ್ಮ ಕಳಿಸಿದ ನಿಪ್ಪಟ್ಟು, ಕೋಡುಬಳೆಯ ಡಬ್ಬಿಯನ್ನು ಹಿಂದಕ್ಕೆ ಕಳಿಸುವುದು ಯಾರಿಗೂ ಸಾಧ್ಯವಿಲ್ಲ, ಹಾಗೆ ಮಾಡಲೂಬಾರದು. ಡಬ್ಬಿಯನ್ನು ಮೇಜಿನಿಂದ ತೆಗೆದು ಬೀರುವಿನ ಮೇಲಿಟ್ಟು, ಸಂಜೆ ಐದಕ್ಕೆ ಒಂದೆರಡನ್ನು ತಟ್ಟೆಗೆ ಹಾಕಿಕೊಂಡು, ಪುಸ್ತಕ ಮುಚ್ಚಿ, ಬಾಲ್ಕನಿಗೆ ಹೋಗಿ ತಿನ್ನಿ. ಪುಸ್ತಕ ನೋಡುತ್ತ ತಿಂದದ್ದು ಎಷ್ಟೆಂಬುದು ನೆನಪಿನಲ್ಲಿ ಉಳಿಯುವುದಿಲ್ಲ. ನಿಜವಾಗಿ ಹಸಿದಾಗ ಹುರಿಗಡಲೆ, ಸೀಬೆಹಣ್ಣು, ಸೌತೆಕಾಯಿ ಒಳ್ಳೆಯವು. ಕಡಲೆಕಾಯಿ ಬೀಜವೂ ಒಳ್ಳೆಯದೇ, ಆದರೆ 30 ಗ್ರಾಮಿನ ಒಂದು ಹಿಡಿಗೇ ಸುಮಾರು 170 ಕಿಲೋಕ್ಯಾಲರಿ ಇರುವುದರಿಂದ ಪೊಟ್ಟಣವನ್ನೇ ಎದುರಿಗಿಟ್ಟುಕೊಳ್ಳಬೇಡಿ.

ಪಿ.ಜಿ. ಊಟವನ್ನೇ ಸರಿಪಡಿಸಿಕೊಳ್ಳುವ ಬಗೆ

ಮನೆಯಲ್ಲಿದ್ದು ಓದುವವರು ಅಡುಗೆಯವರೊಡನೆ ಮಾತಾಡಿಕೊಳ್ಳಬಹುದು. ಪಿ.ಜಿ.ಯಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಸಾರಿನಲ್ಲಿ ಬೇಳೆ ಹುಡುಕಬೇಕು. ಮೊದಲು ತಟ್ಟೆಯ ಅರ್ಧಕ್ಕೆ ಪಲ್ಯ, ಕೋಸಂಬರಿ, ಹಸಿ ತರಕಾರಿ ಬಡಿಸಿಕೊಂಡು, ಉಳಿದ ಅರ್ಧದಲ್ಲಿ ಅನ್ನಕ್ಕೂ ಕಾಳು ಬೇಳೆಗೂ ಜಾಗ ಮಾಡಿ. ಸಾರಿನ ಪಾತ್ರೆಯಲ್ಲಿ ಸೌಟನ್ನು ತಳಮುಟ್ಟ ಆಡಿಸಿ ಬಡಿಸಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ರಾಗಿಮುದ್ದೆ ತಿಂದರೆ ತೂಕ ಏರುವುದಿಲ್ಲವೆಂಬ ನಂಬಿಕೆಯಲ್ಲಿ ಎರಡೆರಡು ಮುದ್ದೆ ನುಂಗುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 320, ಅಕ್ಕಿಯಲ್ಲಿ ಸುಮಾರು 350 ಕಿಲೋಕ್ಯಾಲರಿ, ವ್ಯತ್ಯಾಸ ಅಷ್ಟೇ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು, ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ ಎಂಬುದು ಅದರ ನಿಜವಾದ ಗುಣ.

ಒಲೆಯಿಲ್ಲದ ಕೋಣೆಯಲ್ಲೂ ಮೊಳಕೆ ಕಾಳು ಸಾಧ್ಯ. ಎರಡು ಹಿಡಿ ಹೆಸರುಕಾಳನ್ನು ಬೆಳಿಗ್ಗೆ ತೊಳೆದು ನೀರಿನಲ್ಲಿ ನೆನೆಹಾಕಿ. ರಾತ್ರಿ ನೀರು ಬಸಿದು, ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಒಂದು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಳವನ್ನು ಸ್ವಲ್ಪ ತೆರೆದಿಡಿ. ಬೆಂಗಳೂರಿನ ಹವೆಯಲ್ಲಿ ಮರುದಿನ ಸಂಜೆಗೆ ಅರ್ಧ ಬೆರಳುಗುರಿನಷ್ಟು ಬಿಳಿ ಮೊಳಕೆ ಬಂದಿರುತ್ತದೆ. ಲೋಳೆಯಾದರೆ, ಹುಳಿ ವಾಸನೆ ಬಂದರೆ ಎಸೆದುಬಿಡಿ. ಚೆನ್ನಾಗಿ ತೊಳೆದು, ಫ್ಲಾಸ್ಕಿನ ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ ಬಸಿದು, ಈರುಳ್ಳಿ, ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿದರೆ ಸಂಜೆಯ ಬಜ್ಜಿ ಗಾಡಿಯ ದಾರಿ ತಪ್ಪುತ್ತದೆ. ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಇನ್ನೂ ಸುಲಭ. ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ.

ನಡೆಯುತ್ತ ಪುನರಾವರ್ತನೆ

ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ಇದು. ಒಂದು ಗಂಟೆ ಜಿಮ್ಮಿಗೆ ಹೋಗಿ ಬರುವುದೆಂದರೆ ಎರಡು ಗಂಟೆ ಹೋಯಿತೆಂದು ಕೊರಗುವವರು ಅದನ್ನು ಹಂಚಿಕೊಳ್ಳಲಿ. ಮೂರು ಊಟದ ನಂತರವೂ ಹತ್ತು ಹತ್ತು ನಿಮಿಷ ಹೆಜ್ಜೆ ಬೀಸಿ ನಡೆದರೆ ವಾರದಲ್ಲಿ ಐದೇ ದಿನಕ್ಕೆ 150 ನಿಮಿಷ ಆಗಿಹೋಗುತ್ತದೆ, ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯೂ ಹದಕ್ಕೆ ಬರುತ್ತದೆ, ಮಧ್ಯಾಹ್ನದ ತೂಕಡಿಕೆಯೂ ತಗ್ಗುತ್ತದೆ. ಆ ಹತ್ತು ನಿಮಿಷವನ್ನು ಓದಿನಿಂದ ಕಳೆಯಬೇಕಾಗಿಲ್ಲ. ಆಡಿಟಿಂಗ್ ಮಾನದಂಡಗಳನ್ನು ಬಾಯಿಪಾಠ ಹೇಳಿಕೊಳ್ಳಲು ನಡಿಗೆಯಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ: ಎಸ್‌ಎ 230 ದಾಖಲೆ, ಎಸ್‌ಎ 500 ಸಾಕ್ಷ್ಯ ಎಂದು ಮೆಟ್ಟಿಲಿಗೊಂದರಂತೆ ಹೇಳುತ್ತ ಹತ್ತಿ, ನೆನಪಾಗದೆ ನಿಂತದ್ದನ್ನು ಹಿಂದಿರುಗಿದ ಮೇಲೆ ತೆಗೆದು ನೋಡಿ. ತೆರಿಗೆಯ ಸೆಕ್ಷನ್‌ಗಳನ್ನು ನಿಮ್ಮದೇ ದನಿಯಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳುವುದೂ ಒಂದು ದಾರಿ, ರಸ್ತೆ ದಾಟುವಾಗ ಮಾತ್ರ ಬೇಡ. ಲೆಕ್ಕ ಬಿಡಿಸುವಾಗ ಐವತ್ತು ನಿಮಿಷಕ್ಕೊಮ್ಮೆ ಅಲಾರಂ ಇಟ್ಟುಕೊಂಡು ಎದ್ದು ಐದು ನಿಮಿಷ ಓಡಾಡಿ. ನೀರಿನ ಬಾಟಲಿ ಚಿಕ್ಕದಿದ್ದರೆ ತುಂಬಿಸಲು ಏಳಲೇಬೇಕಾಗುತ್ತದೆ.

ವಾರಕ್ಕೆರಡು ದಿನದ ಬಲದ ವ್ಯಾಯಾಮಕ್ಕೆ ಹತ್ತರಂತೆ ಮೂರು ಸುತ್ತು ಬಸ್ಕಿ, ಗೋಡೆಗೆ ಕೈಯೂರಿ ಪುಷ್‌ಅಪ್, ಸ್ಟಡಿ ಮಟೀರಿಯಲ್ ತುಂಬಿದ ಬ್ಯಾಗನ್ನು ಎದೆಗಪ್ಪಿ ಕುರ್ಚಿಯಿಂದ ಏಳುವುದು ಕೂರುವುದು ಸಾಕು. ಮೊದಲ ವಾರ ಬ್ಯಾಗಿನಲ್ಲಿ ಒಂದೇ ಪುಸ್ತಕವಿರಲಿ. ಮಂಡಿ ಅಥವಾ ಬೆನ್ನು ನೋವಿರುವವರು, ಥೈರಾಯ್ಡ್, ಪಿ.ಸಿ.ಓ.ಎಸ್., ಮಧುಮೇಹ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ನಿದ್ದೆಯನ್ನು ಕಡಿಯಬೇಡಿ

ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಇಳಿಯುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ರಾತ್ರಿ ಎರಡಕ್ಕೆ ಸಿಹಿಯೋ ಕರಿದದ್ದೋ ಬೇಕೆನಿಸುವುದಕ್ಕೆ ಇದೂ ಒಂದು ಕಾರಣ. ಏಳು ಗಂಟೆ ನಿದ್ದೆಯನ್ನು ವೇಳಾಪಟ್ಟಿಯಲ್ಲಿ ಮೊದಲು ಬರೆದು, ಉಳಿದ ಹದಿನೇಳು ಗಂಟೆಯಲ್ಲಿ ಓದನ್ನು ಹೊಂದಿಸಿ. ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುವುದರಿಂದ ಕೊನೆಯ ಕಾಫಿ ಮಧ್ಯಾಹ್ನ ಮೂರರೊಳಗೆ ಮುಗಿಯಲಿ.

ಪರೀಕ್ಷೆ ಹತ್ತಿರವಾದಾಗ

ಫೈನಲ್ ಪತ್ರಿಕೆಗಳು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ ಆರಂಭವಾಗುತ್ತವೆ. ದಿನವೂ ಒಂದೂವರೆಗೆ ಹೊಟ್ಟೆ ತುಂಬ ಅನ್ನ ಉಂಡು ಮಲಗುವ ಅಭ್ಯಾಸವಾಗಿದ್ದರೆ, ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೇ ದೇಹ ನಿದ್ದೆ ಕೇಳುತ್ತದೆ. ಆದ್ದರಿಂದ ಕೊನೆಯ ಹದಿನೈದು ದಿನ ಊಟವನ್ನು ಹನ್ನೆರಡೂಕಾಲಕ್ಕೆ ತಂದು, ಪ್ರಮಾಣವನ್ನು ಮುಕ್ಕಾಲಿಗಿಳಿಸಿ, ಎರಡರಿಂದ ಐದರವರೆಗೆ ಏಳದೆ ಅಣಕು ಪತ್ರಿಕೆ ಬರೆಯಿರಿ. ಆರನೆಯ ಪತ್ರಿಕೆ ನಾಲ್ಕು ಗಂಟೆಯದ್ದು. ಒಂದೆರಡು ದಿನ ಅಷ್ಟು ಹೊತ್ತು ಕೂತು ಬರೆದು ನೋಡಿದರೆ ಯಾವ ಊಟ ಕೊನೆಯವರೆಗೆ ತಡೆಯುತ್ತದೆ ಎಂಬುದು ಗೊತ್ತಾಗುತ್ತದೆ. ನನ್ನ ಅಕ್ಕನ ಮಗಳಿಗೆ ತಡೆದದ್ದು ಎರಡು ಚಪಾತಿ, ಹೆಸರುಕಾಳಿನ ಪಲ್ಯ, ಒಂದು ಬಟ್ಟಲು ಮೊಸರು. ಪರೀಕ್ಷೆಯ ದಿನ ಹೊಸದೇನನ್ನೂ ತಿನ್ನಬೇಡಿ, ಕೇಂದ್ರದ ಎದುರಿನ ಗಾಡಿಯ ಕತ್ತರಿಸಿಟ್ಟ ಹಣ್ಣನ್ನೂ.

ಫೈನಲ್ ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಮೂರು ಪತ್ರಿಕೆಗಳ ಒಂದು ಗ್ರೂಪ್ ತೇರ್ಗಡೆಯಾಗದೆ ಉಳಿದರೆ ಮುಂದಿನ ಅವಕಾಶ ನಾಲ್ಕೇ ತಿಂಗಳಲ್ಲಿ ಬರುತ್ತದೆ, ಮತ್ತೆ ಅದೇ ಕುರ್ಚಿಯಲ್ಲಿ ಕೂರಬೇಕಾಗುತ್ತದೆ. ಹಾಗಾಗಿ ಕೊನೆಯ ಪತ್ರಿಕೆ ಮುಗಿದ ಮರುದಿನ ಬೆಳಿಗ್ಗೆ ಟೇಪು ಸುತ್ತಿ, ಆ ದಿನದ ಅಳತೆಯನ್ನು ಮೊದಲ ದಿನದ್ದರ ಪಕ್ಕದಲ್ಲಿ ಬರೆದಿಡಿ. ಮೂರು ಸೆಂಟಿಮೀಟರಿಗಿಂತ ಹೆಚ್ಚು ಏರಿದ್ದರೆ, ಫಲಿತಾಂಶಕ್ಕಾಗಿ ಕಾಯುವ ವಾರಗಳಲ್ಲಿ ಊಟದ ನಂತರದ ಹತ್ತು ನಿಮಿಷವನ್ನು ಇಪ್ಪತ್ತಕ್ಕೆ ಏರಿಸಿ.